ಅರ್ಥದಯ್ಯನ ಅರ್ಧ ನಿಘಂಟು

"ಗುರುಗಳೇ, ಜನ ನಮ್ಮನ್ನು ಬಲ್ಲವರೆಂದು ನಂಬಿ ಬಂದಾಗ, ಗೊತ್ತಿಲ್ಲ ಎಂದು ಕಳಿಸಿಬಿಡುವುದು ಸರಿಯೋ, ತೋಚಿದ ಒಂದು ಒಳ್ಳೆಯ ಮಾತು ಹೇಳಿ ಸಮಾಧಾನ ಮಾಡಿ ಕಳಿಸುವುದು ಸರಿಯೋ?"

ಕೇಳಿದವನು ಅಡವೀಶ. ಗುರುಗಳ ಮಠದಲ್ಲಿ ಇಂಗ್ಲಿಷ್ ಓದಿಕೊಂಡಿದ್ದವನು ಅವನೊಬ್ಬನೇ. ಸುತ್ತಲಿನ ಹಳ್ಳಿಯವರು ಕೋರ್ಟಿನ ಕಾಗದವಿರಲಿ, ಆಸ್ಪತ್ರೆಯ ಚೀಟಿಯಿರಲಿ, ತಂದು ಅವನ ಮುಂದೆ ಹಿಡಿಯುತ್ತಿದ್ದರು. ಅಪರೂಪದ ಪದ ಕಂಡರೆ ಅವನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಅರ್ಥ ಬರೆದುಕೊಳ್ಳುತ್ತಿದ್ದ. ಹಿಂದಿನ ದಿನ ಒಬ್ಬ ಹೆಂಗಸು ಮಗುವನ್ನು ಸೊಂಟದ ಮೇಲೆ ಹೊತ್ತು ಬಂದು ಡಾಕ್ಟರು ಬರೆದುಕೊಟ್ಟ ಚೀಟಿ ತೋರಿಸಿದ್ದಳು. ಅದರಲ್ಲಿದ್ದ ಒಂದು ಉದ್ದನೆಯ ಪದ ನೋಟ್‌ಬುಕ್ಕಿನಲ್ಲಿ ಇರಲಿಲ್ಲ, ಅಡವೀಶನ ತಲೆಯಲ್ಲಿಯೂ ಇರಲಿಲ್ಲ. ಆದರೂ ಅವನು, ಹೆದರುವಂಥದ್ದೇನಿಲ್ಲ, ಮಗುವಿಗೆ ನಿಶ್ಶಕ್ತಿ, ಸೊಪ್ಪು ಹಾಲು ಕೊಡು ಎಂದು ಹೇಳಿ ಕಳಿಸಿದ್ದ. ಅವಳು ಕೈಮುಗಿದು ಹೋಗಿದ್ದಳು. ಆಮೇಲೆ ಅವನಿಗೆ ಊಟ ಸೇರಿರಲಿಲ್ಲ. ಗುರುಗಳು ಆಗ ಗೋಡೆಯಾಚೆಯ ಕೋಣೆಯಲ್ಲಿಯೇ ಇದ್ದರು ಎಂಬುದು ಅವನಿಗೆ ತಿಳಿಯದು.

ಗುರುಗಳು ಅವನನ್ನು ಕೂರಿಸಿಕೊಂಡರು. ಸರಿ ತಪ್ಪು ಆಮೇಲೆ ನೋಡೋಣ, ಮೊದಲು ಒಂದು ಕತೆ ಕೇಳು ಎಂದು ಶುರುಮಾಡಿದರು.

ಬಿಳಿಯರ ಆಳ್ವಿಕೆಯ ಕಾಲ. ಒಂದು ಪೇಟೆಯ ಊರಿನಲ್ಲಿ ಒಬ್ಬ ಪದಪಂಡಿತನಿದ್ದ. ಕಚೇರಿಯ ಕಾಗದವೆಲ್ಲ ಇಂಗ್ಲಿಷಿನಲ್ಲಿ ಬರುತ್ತಿತ್ತು. ಓದಬಲ್ಲವರು ಊರಿಗೆ ಹತ್ತು ಜನ ಇದ್ದರು. ಆದರೆ ನಡುವೆ ಒಂದು ಗಟ್ಟಿ ಪದ ಅಡ್ಡಬಂದಿತೋ, ಆ ಹತ್ತು ಜನವೂ ಇವನ ಜಗಲಿ ಹತ್ತಬೇಕು. ಹೆತ್ತವರು ಅವನಿಗೆ ಏನೋ ಒಂದು ಹೆಸರಿಟ್ಟಿದ್ದರು. ಜನ ಅದನ್ನು ಮರೆತು ಅರ್ಥದಯ್ಯ ಎಂದು ಕರೆದರು. ಅವನಿಗೂ ಅದೇ ಹಿತವಾಯಿತು.

ಅವನ ವಿದ್ಯೆಯ ಗುಟ್ಟು ಒಂದು ಪುಸ್ತಕ. ಹಿಂದೊಮ್ಮೆ ಆ ಊರಿನ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಾಗ ಅವನ ಸಾಮಾನು ಹರಾಜಾಯಿತು. ಅದರಲ್ಲಿ ಎರಡು ಸಂಪುಟದ ಒಂದು ನಿಘಂಟು ಇತ್ತು. ಇಂಗ್ಲಿಷಿನ ಅಪರೂಪದ ಪದಗಳಿಗೆ ಇಂಗ್ಲಿಷಿನಲ್ಲಿಯೇ ಅರ್ಥ ಬರೆದ ನಿಘಂಟು. ಒಂದನೇ ಸಂಪುಟ ಎ ಅಕ್ಷರದಿಂದ ಎಲ್‌ವರೆಗೆ. ಅದನ್ನು ಅರ್ಥದಯ್ಯ ಕೂಗಿ ಹಿಡಿದ. ಎರಡನೆಯದು ಎಮ್‌ನಿಂದ ಝಡ್‌ವರೆಗೆ. ಅದನ್ನು ನಶ್ಯದ ಅಂಗಡಿಯವನೊಬ್ಬ ಪೊಟ್ಟಣ ಕಟ್ಟಲು ಹಾಳೆ ಚೆನ್ನಾಗಿದೆ ಎಂದು ಹಿಡಿದುಕೊಂಡು ಹೋದ. ಎರಡು ವರ್ಷದಲ್ಲಿ ಊರಿನವರು ಅರ್ಧ ಇಂಗ್ಲಿಷನ್ನು ನಶ್ಯದ ಜೊತೆ ಮೂಗಿಗೇರಿಸಿ, ಸೀನಿ ಮುಗಿಸಿದರು.

ಸಿಕ್ಕಿದ ಅರ್ಧವನ್ನು ಮಾತ್ರ ಅರ್ಥದಯ್ಯ ಅರೆದು ಕುಡಿದಿದ್ದ. ಅದನ್ನು ಒಪ್ಪಲೇಬೇಕು. ಬರೀ ಅರ್ಥ ಒಪ್ಪಿಸುವ ಗಿಳಿಯೂ ಅವನಲ್ಲ. ಗ್ಲೀನ್ ಎಂದರೆ ಏನು ಎಂದು ಕೇಳಿದರೆ, ಕುಯಿಲಾದ ಹೊಲದಲ್ಲಿ ಬಿದ್ದ ತೆನೆ ಆಯುವುದು, ನಮ್ಮ ಅಜ್ಜಿಯರು ಹಕ್ಕಲು ಎನ್ನುತ್ತಿದ್ದರಲ್ಲ, ಅದೇ ಎನ್ನುವನು. ಹೆಫರ್ ಎಂದರೆ ಇನ್ನೂ ಕರು ಹಾಕದ ಕಡಸು. ಡ್ರಾಸ್ ಎಂದರೆ ಕಬ್ಬಿಣ ಕಾಸಿದಾಗ ಬರುವ ಕಿಟ್ಟ. ಗ್ಲೋಮಿಂಗ್ ಎಂದರೆ ಮುಚ್ಚಂಜೆ. ಕೇಳಿದವರು, ಅಯ್ಯೋ, ಇದು ನಮ್ಮ ಮನೆಯ ಮಾತೇ ಅಲ್ಲವೇ ಎಂದು ಬೆರಗಾಗಿ ಹೋಗುತ್ತಿದ್ದರು. ಆ ಬೆರಗು ಅವನಿಗೆ ಅನ್ನಕ್ಕಿಂತ ರುಚಿ.

ಇನ್ನರ್ಧಕ್ಕೆ ಏನು ಮಾಡುತ್ತಿದ್ದ ಎಂದರೆ, ಊಹಿಸುತ್ತಿದ್ದ. ಯಾವ ಪದ ಬಂದರೂ ಒಳಗೆ ಹೋಗುವನು, ಪುಸ್ತಕ ತೆರೆದು ಸ್ವಲ್ಪ ಹೊತ್ತು ಹಾಳೆ ತಿರುವುವನು, ಹೊರಗೆ ಬಂದು ಅರ್ಥ ಹೇಳುವನು. ಪದ ಒಂದನೇ ಸಂಪುಟದ್ದಾದರೆ ಪುಸ್ತಕದ ಅರ್ಥ. ಎರಡನೆಯದಾದರೆ ಹೊಸ್ತಿಲು ದಾಟುವಾಗ ಹೊಳೆದ ಅರ್ಥ. ಒಬ್ಬ ಶಾಲೆಯ ಮೇಷ್ಟ್ರು ನಾನಜೆನೇರಿಯನ್ ಎಂದರೇನು ಎಂದು ಕೇಳಿದ. ತೊಂಬತ್ತು ದಾಟಿದ ಮುದುಕ ಎಂಬುದು ಅದರ ಅರ್ಥ. ಅರ್ಥದಯ್ಯ ಅದನ್ನು ಕ್ರೈಸ್ತರಲ್ಲಿ ಒಂದು ಪಂಗಡ ಎಂದ. ಮೇಷ್ಟ್ರು ಮಕ್ಕಳಿಗೆ ಹಾಗೆಯೇ ಕಲಿಸಿದ, ಮಕ್ಕಳು ಹಾಗೆಯೇ ಕಲಿತು ದೊಡ್ಡವರಾದರು, ಯಾರ ಮನೆಯ ಒಲೆಯೂ ಆರಲಿಲ್ಲ. ಅಪರೂಪದ ಪದಕ್ಕೆ ತಪ್ಪು ಅರ್ಥ ಹೇಳಿದರೆ ಯಾರಿಗೂ ನಷ್ಟವಿಲ್ಲ, ಅದು ಜೀವನದಲ್ಲಿ ಮತ್ತೆ ಎದುರಾಗುವುದೇ ಇಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡು ಹೇಳಿಕೊಂಡು ಅದನ್ನು ನಂಬಿಯೂ ಬಿಟ್ಟ.

ಅವನಿಗೆ ಇನ್ನೊಂದು ನೇಮವಿತ್ತು. ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಕೇಳುವವರು ಜನ, ಹೇಳುವವನು ತಾನು. ಬಂದವರ ಹೆಸರು ಕೇಳನು, ಊರು ಕೇಳನು, ಕಾಗದ ಎಲ್ಲಿಂದ ಬಂತು ಎಂದೂ ಕೇಳನು. ದಾರಿ ತಪ್ಪಿದರೂ ದಾರಿ ಕೇಳದೆ ಸುತ್ತಿ ಬರುವ ಜಾತಿ. ಹೀಗೆ ಇಪ್ಪತ್ತು ವರ್ಷ ಕಳೆಯಿತು.

ಒಂದು ದಿನ ಬೆಳಿಗ್ಗೆ ಒಬ್ಬಳು ಹೆಂಗಸು ಜಗಲಿಯ ಕೆಳಗೆ ಬಂದು ನಿಂತಳು. ವಯಸ್ಸಾದವಳು. ಕಂಕುಳಲ್ಲಿ ಒಂದು ಬುತ್ತಿಯ ಗಂಟು, ಕೈಯಲ್ಲಿ ಒಂದು ಕಾಗದ. ಅವಳ ಮಗ ಒಂದು ಜಗಳದಲ್ಲಿ ಕೈಮಾಡಿ, ಏಟು ತಿಂದವನು ಸತ್ತು, ಇವನಿಗೆ ಗಲ್ಲು ಶಿಕ್ಷೆಯಾಗಿತ್ತು. ಯಾರೋ ಪುಣ್ಯಾತ್ಮರು ಅವಳ ಪರವಾಗಿ ಸರ್ಕಾರಕ್ಕೆ ಅರ್ಜಿ ಬರೆದು ಕಳಿಸಿದ್ದರು. ಅದಕ್ಕೆ ಬಂದ ಉತ್ತರ ಆ ಕಾಗದ. ಗಲ್ಲಿಗೆ ಮೊದಲು ಹೆತ್ತವರಿಗೆ ಒಂದೇ ಒಂದು ಸಲ ಭೇಟಿ ಎಂಬುದು ಜೈಲಿನ ಕಟ್ಟಳೆ. ಆ ಭೇಟಿಗೆಂದು ಅವಳು ತಂಬಿಟ್ಟು ಕಟ್ಟಿಕೊಂಡು ಬಂದಿದ್ದಳು. ಬಾಗಿಲ ಕಾವಲಿನವನು ಕಾಗದವನ್ನು ಅವಳ ಕೈಗಿತ್ತು, ಮೊದಲು ಇದನ್ನು ಓದಿಸಿಕೊಂಡು ಬಾ, ಆಮೇಲೆ ಬೇಕಾದರೆ ಒಳಗೆ ಬಿಡುತ್ತೇನೆ ಎಂದಿದ್ದ. ಅವನಿಗೆ ಇಂಗ್ಲಿಷ್ ಬಾರದು, ಓದುವ ಗುಮಾಸ್ತ ಆ ದಿನ ರಜೆಯಲ್ಲಿದ್ದ.

ಅವಳು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ನೀಡಿದಳು.

"ಇದ್ರಾಗೆ ಏನೈತೆ ನೋಡಿ ಬುದ್ಧಿ. ನನ್ ಮಗನ್ನ ಇವತ್ತೇ ಹೋಗಿ ನೋಡ್ಲಾ, ಏನ್ ಮಾಡ್ಲಿ? ಒಂದೇ ಸಲ ಬಿಡ್ತಾರಂತೆ."

ಕಾಗದ ಎರಡೇ ಸಾಲಿನದು. ಸರ್ಕಾರ ಸಂತೋಷಪಟ್ಟು ಈ ಕೈದಿಗೆ ಹದಿನಾಲ್ಕು ದಿನದ ರೆಸ್ಪೈಟ್ ದಯಪಾಲಿಸಿದೆ ಎಂದಿತ್ತು. ಎಲ್ಲ ಪದವೂ ಅರ್ಥದಯ್ಯನಿಗೆ ಗೊತ್ತು, ಒಂದನ್ನು ಬಿಟ್ಟು. ಅದು ಆರ್ ಅಕ್ಷರದ ಪದ. ಆರ್ ನಶ್ಯದ ಅಂಗಡಿಗೆ ಹೋಗಿತ್ತು.

ಅವನು ವಾಡಿಕೆಯಂತೆ ಒಳಗೆ ಹೋದ. ಇಲ್ಲದ ಪದವನ್ನು ಹುಡುಕಲು ಪುಸ್ತಕ ತೆರೆದ. ಅವನೇನು ಕಲ್ಲಲ್ಲ. ಗೊತ್ತಿಲ್ಲ ಎಂಬ ಮಾತು ಗಂಟಲವರೆಗೆ ಬಂತು. ಆದರೆ ಹೊರಗೆ ಜಗಲಿಯ ಮೇಲೆ ಐದು ಜನ ಕೂತಿದ್ದರು. ಅವರಲ್ಲಿ ಶಾಲೆಯ ಮೇಷ್ಟ್ರೂ ಇದ್ದ. ಇಪ್ಪತ್ತು ವರ್ಷದಲ್ಲಿ ಆಡದ ಮಾತನ್ನು ಒಬ್ಬ ಹಳ್ಳಿಯ ಮುದುಕಿಯ ಮುಂದೆ ಆಡುವುದೇ? ಅವನು ಸಾಲನ್ನು ಇನ್ನೊಮ್ಮೆ ಓದಿದ. ಸಂತೋಷಪಟ್ಟು ಎಂದಿದೆ. ದಯಪಾಲಿಸಿದೆ ಎಂದಿದೆ. ಸಂತೋಷಪಟ್ಟು ದಯಪಾಲಿಸುವುದು ಕೆಟ್ಟದ್ದಾಗಿರಲು ಹೇಗೆ ಸಾಧ್ಯ? ಹಾಗಿದ್ದರೆ ರೆಸ್ಪೈಟ್ ಎಂದರೆ ಬಿಡುಗಡೆಯೇ ಇರಬೇಕು. ಹದಿನಾಲ್ಕು ದಿನ ಎಂದರೆ ಕಾಗದಪತ್ರ ಮುಗಿಯಲು ಬೇಕಾದ ದಿನ. ಲೆಕ್ಕ ಸರಿಹೋಯಿತು. ಬುದ್ಧಿವಂತನಿಗೆ ಬೇಕಾದ ಲೆಕ್ಕ ಯಾವಾಗಲೂ ಸರಿಹೋಗುತ್ತದೆ.

ಹೊರಗೆ ಬಂದು ಅರ್ಥ ಹೇಳಿದ. ನಿನ್ನ ಮಗನಿಗೆ ಬಿಡುಗಡೆಯಾಗಿದೆ, ಇಂದಿಗೆ ಹದಿನಾಲ್ಕನೆಯ ದಿನ ಮನೆಗೆ ಬರುತ್ತಾನೆ, ಜೈಲಿನ ಬಾಗಿಲು ಕಾಯುವ ಕೆಲಸವಿಲ್ಲ, ಹೋಗಿ ಮನೆ ಸಾರಿಸಿಕೋ ಎಂದ. ಜಗಲಿಯ ಮೇಲಿದ್ದವರು ಅಬ್ಬ ಎಂದರು. ಹೆಂಗಸು ಅಲ್ಲಿಯೇ ಮಣ್ಣಿನಲ್ಲಿ ಕೂತು ಅತ್ತಳು. ಆಮೇಲೆ ಗಂಟು ಬಿಚ್ಚಿ, ಮಗ ಮನೆಗೇ ಬರುತ್ತಾನಲ್ಲ, ಅವನಿಗೆ ಬಿಸಿಯಾಗಿ ಮಾಡಿಕೊಡುತ್ತೇನೆ, ಇದು ನಿಮಗಿರಲಿ ಎಂದು ತಂಬಿಟ್ಟನ್ನೆಲ್ಲ ಜಗಲಿಯ ಮೇಲಿಟ್ಟು, ಕಾಲು ಮುಟ್ಟಿ ನಮಸ್ಕರಿಸಿ ಹೋದಳು. ಅವನು ಅವಳ ಹೆಸರು ಕೇಳಲಿಲ್ಲ. ಊರು ಕೇಳಲಿಲ್ಲ. ತಂಬಿಟ್ಟು ಚೆನ್ನಾಗಿತ್ತು. ಬಂದವರಿಗೂ ಕೊಟ್ಟು ತಾನೂ ತಿಂದ.

ಹತ್ತು ದಿನ ಕಳೆಯಿತು. ಹನ್ನೊಂದನೆಯ ದಿನ ಒಬ್ಬ ಬಡಗಿ ಬಂದ. ಜೈಲಿನ ಸಾಹೇಬರು ಕೆಲಸ ಕೊಟ್ಟು ಒಂದು ಇಂಗ್ಲಿಷ್ ಚೀಟಿ ಕಳಿಸಿದ್ದಾರೆ, ಮೂರು ದಿನದೊಳಗೆ ಎಂಟಡಿಯ ತೊಲೆ ಬದಲಾಯಿಸಬೇಕು ಎಂಬುದು ತಿಳಿಯಿತು, ಯಾವುದರ ತೊಲೆ ಎಂಬುದು ತಿಳಿಯಲಿಲ್ಲ ಎಂದ. ಅರ್ಥದಯ್ಯ ಚೀಟಿ ನೋಡಿದ. ಗಿಬ್ಬೆಟ್ ಎಂದಿತ್ತು. ಜಿ ಅಕ್ಷರದ ಪದ. ಒಂದನೇ ಸಂಪುಟ, ಎಡಗಡೆಯ ಪುಟ, ಮೇಲಿನಿಂದ ನಾಲ್ಕನೆಯದು. ಪುಸ್ತಕ ನೋಡುವ ಅಗತ್ಯವೇ ಬೀಳಲಿಲ್ಲ. ಹಿಗ್ಗಿನಿಂದಲೇ ಹೇಳಿದ, ಗಿಬ್ಬೆಟ್ ಎಂದರೆ ನೇಣುಗಂಬ ಎಂದು.

ಬಡಗಿ ಚೀಟಿಯನ್ನು ಮಡಿಚಿಟ್ಟುಕೊಂಡು, ಹಾಗಾದರೆ ಮೂರು ದಿನದಲ್ಲಿ ಯಾವ ತಾಯಿಯ ಮಗನೋ ಹೋಗುತ್ತಾನೆ ಅನ್ನಿ ಎಂದು ನಿಟ್ಟುಸಿರುಬಿಟ್ಟು ಎದ್ದ. ಅರ್ಥದಯ್ಯ ಕೂತಲ್ಲಿಯೇ ಕೂತ. ಹನ್ನೊಂದಕ್ಕೆ ಮೂರು ಸೇರಿದರೆ ಹದಿನಾಲ್ಕು. ಅವನು ಬಲ್ಲ ಅರ್ಧ ಎದ್ದು ಬಂದು ಅವನು ಅರಿಯದ ಅರ್ಧವನ್ನು ತೋರಿಸಿತು.  

ಜೈಲಿಗೆ ಓಡಿದ. ಗುಮಾಸ್ತನ ಮುಂದೆ ನಿಂತು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದು ಪದದ ಅರ್ಥ ಕೇಳಿದ. ರೆಸ್ಪೈಟ್ ಎಂದರೇನು? ಗುಮಾಸ್ತ ನಕ್ಕ. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡು, ಅಯ್ಯನವರೇ, ಇದು ನಿಮಗೆ ಅಪರೂಪದ ಪದವಿರಬಹುದು, ಇಲ್ಲಿ ಕಸ ಗುಡಿಸುವವನಿಗೂ ಗೊತ್ತು, ಗಲ್ಲನ್ನು ಕೆಲವು ದಿನ ಮುಂದಕ್ಕೆ ಹಾಕುವುದು ಎಂದ. ಆ ಮುದುಕಿಯ ಮಗನ ಗಲ್ಲನ್ನು ಹಾಗೆ ಮುಂದಕ್ಕೆ ಹಾಕಿದ್ದೇಕೆ ಎಂದರೆ, ಅರ್ಜಿ ತಲುಪಿದಾಗ ಗಲ್ಲಿನ ದಿನ ತೀರ ಹತ್ತಿರವಾಗಿತ್ತು, ತಾಯಿ ಬಂದು ಮಗನ ಮುಖ ನೋಡಿಕೊಳ್ಳಲಿ ಎಂದು ಯಾವನೋ ಕರುಣೆಯುಳ್ಳ ಅಧಿಕಾರಿ ಹದಿನಾಲ್ಕು ದಿನ ಕೊಟ್ಟಿದ್ದ. ಆ ತಾಯಿಯೋ ಬರಲೇ ಇಲ್ಲ, ಹುಡುಗ ದಿನಾ ಬೆಳಿಗ್ಗೆ ಅವ್ವ ಬಂದಳಾ ಎಂದು ಕೋಣೆಯ ಕಾವಲಿನವನನ್ನು ಕೇಳುತ್ತಾನೆ ಎಂದು ಗುಮಾಸ್ತ ಹೇಳಿದ.

ಅರ್ಥದಯ್ಯ ಅವಳ ಊರು ಯಾವುದು ಎಂದು ಕೇಳಿದ. ಗುಮಾಸ್ತ ದಫ್ತರ ತೆಗೆದ. ಹೊಸಹಳ್ಳಿ ಎಂದು ಬರೆದಿತ್ತು. ಆ ಸೀಮೆಯಲ್ಲಿ ಹೊಸಹಳ್ಳಿ ಎಂಬ ಹೆಸರಿನ ಊರು ಹದಿನೇಳು. ಬರೆದುಕೊಂಡವನಿಗೆ ಯಾವ ಹೊಸಹಳ್ಳಿ ಎಂದು ಕೇಳುವ ಪುರುಸೊತ್ತಿರಲಿಲ್ಲ. ಅವನೂ ಒಬ್ಬ ಅರ್ಥದಯ್ಯನೇ ಅನ್ನು.

ಗುಮಾಸ್ತನೇ ಒಂದು ಉಪಾಯ ಹೇಳಿದ. ಹುಡುಗ ಇಲ್ಲೇ ಮೂರನೆಯ ಕೋಣೆಯಲ್ಲಿದ್ದಾನೆ, ಸಾಹೇಬರಿಗೆ ನಾನು ಹೇಳುತ್ತೇನೆ, ಸರಳಿನ ಈಚೆಯಿಂದ ಅವನನ್ನೇ ಕೇಳಿಬಿಡಿ ಎಂದ. ಅಡವೀಶ, ಕೇಳಬೇಕಾದದ್ದು ಒಂದೇ ಮಾತು. ನಿಮ್ಮ ಹೊಸಹಳ್ಳಿ ಯಾವ ದಿಕ್ಕಿನಲ್ಲಿದೆ ಎಂದರೆ ಮುಗಿಯಿತು. ಅರ್ಥದಯ್ಯ ಎರಡು ಹೆಜ್ಜೆ ಇಟ್ಟ. ಆ ಮಾತು ಕೇಳಿದರೆ ಹುಡುಗ ಏಕೆ ಎನ್ನುತ್ತಾನೆ. ಏಕೆ ಎಂದರೆ ನಿನ್ನ ಅವ್ವ ಜೈಲಿನ ಬಾಗಿಲವರೆಗೂ ಬಂದಿದ್ದಳು, ಹಿಂದಕ್ಕೆ ಕಳಿಸಿದವನು ನಾನು ಎನ್ನಬೇಕು.  ಬೇಡ, ನಾನೇ ಹುಡುಕುತ್ತೇನೆ ಎಂದು ಹಿಂದಕ್ಕೆ ತಿರುಗಿ, ತಲೆಯ ಮೇಲೆ ಒಂದು ವಸ್ತ್ರ ಹಾಕಿಕೊಂಡು ಹೊರಟುಹೋದ. ನಾನು ಈ ಕತೆ ಹೇಳುವಾಗಲೆಲ್ಲ ನನಗೆ ಇಲ್ಲಿಯೇ ಸಿಟ್ಟು ಬರುತ್ತದೆ. ಆಮೇಲೆ ಮರುಕವೂ ಬರುತ್ತದೆ.

ಕೇಳದವನು ಕೇಳಲು ಶುರುಮಾಡಿದ. ಮೂರು ದಿನ ಅವನು ಮಾಡಿದ್ದು ಅದೊಂದೇ ಕೆಲಸ. ದನ ಕಾಯುವವನನ್ನು ಕೇಳಿದ, ಬಾವಿಯ ಹತ್ತಿರದ ಹೆಂಗಸರನ್ನು ಕೇಳಿದ, ಗಾಡಿ ನಿಲ್ಲಿಸಿ ಕೇಳಿದ. ಮಗ ಜೈಲಿನಲ್ಲಿರುವ ಒಬ್ಬ ತಾಯಿ ಈ ಊರಿನಲ್ಲಿ ಇದ್ದಾಳೆಯೇ? ಮೊದಲನೆಯ ಹೊಸಹಳ್ಳಿಯಲ್ಲಿ ಇಲ್ಲ ಎಂದರು. ಎರಡನೆಯದರಲ್ಲಿ ನಾಯಿ ಬಿಟ್ಟರು. ಐದನೆಯದರಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು, ಗೊತ್ತಿಲ್ಲ ಸ್ವಾಮಿ, ಆ ಗುಡ್ಡದಾಚೆ ಇನ್ನೊಂದು ಹೊಸಹಳ್ಳಿ ಇದೆ, ಅಲ್ಲಿ ಕೇಳಿ ಎಂದರು. ಗೊತ್ತಿಲ್ಲ ಎಂಬ ಮಾತನ್ನು ಆ ಜನ ಎಷ್ಟು ಸಲೀಸಾಗಿ ಆಡುತ್ತಿದ್ದರು. ಆಡಿ, ಗೊತ್ತಿದ್ದವರ ಕಡೆಗೆ ಬೆರಳು ತೋರಿಸುತ್ತಿದ್ದರು. ಅವನು ಆ ಬೆರಳುಗಳನ್ನು ಹಿಡಿದುಕೊಂಡು ನಡೆದ. ಚಪ್ಪಲಿ ಕಿತ್ತುಹೋಯಿತು. ಹನ್ನೆರಡನೆಯ ದಿನ ಹೋಯಿತು, ಹದಿಮೂರನೆಯದೂ ಹೋಯಿತು.

ಹದಿನಾಲ್ಕನೆಯ ದಿನ ಬೆಳಿಗ್ಗೆ, ಹೊತ್ತು ಒಂದಾಳೆತ್ತರ ಏರಿದಾಗ, ಅವನು ಒಂಬತ್ತನೆಯ ಹೊಸಹಳ್ಳಿಗೆ ಬಂದ. ಅಲ್ಲಿ ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಊರಿನ ಮೊದಲನೆಯ ಮನೆಯೇ ಅದು. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಹೊಸ್ತಿಲಿಗೆ ಕೆಮ್ಮಣ್ಣು ಸಾರಿಸಿತ್ತು. ಬಾಗಿಲಿಗೆ ಮಾವಿನ ಎಲೆ ಕಟ್ಟಿತ್ತು. ಒಳಗಿನಿಂದ ಬೆಲ್ಲ ಕಾಯಿಸುವ ವಾಸನೆ ಬರುತ್ತಿತ್ತು. ಜೈಲಿನಲ್ಲಿ ಗಲ್ಲಾಗುವುದು ಸೂರ್ಯ ಹುಟ್ಟುವ ಹೊತ್ತಿಗೆ.

ಅವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅವನನ್ನು ನೋಡಿ ಅವಳ ಮುಖ ಅರಳಿತು. ಇಂಥ ದೊಡ್ಡವರು ತಾವೇ ಬಂದಿರಾ, ಮಗನನ್ನು ಕರೆದುಕೊಂಡು ಬಂದಿರಾ ಎಂದು ಅವನ ಬೆನ್ನ ಹಿಂದಿನ ದಾರಿಯನ್ನು ನೋಡಿದಳು. ದಾರಿಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಕಾಲು ನೋಡಿದಳು. ಕಾಲಿನಲ್ಲಿ ರಕ್ತ ಒಸರುತ್ತಿತ್ತು.

ಹತ್ತು ಸಾವಿರ ಪದ ಬಲ್ಲವನು ಅವಳ ಮುಂದೆ ಮಣ್ಣಿನಲ್ಲಿ ಕೂತ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ಪದದ ಅರ್ಥ ಹೇಳಿದ, ಆ ಹದಿನಾಲ್ಕು ದಿನ ಯಾತಕ್ಕಾಗಿ ಇದ್ದವು ಎಂದು ಹೇಳಿದ. ಅಂದು ನನಗೆ ಆ ಪದ ಗೊತ್ತಿರಲಿಲ್ಲ ತಾಯಿ ಎಂದ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಶಾಪ ಹಾಕಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತೋ ಏನೋ. ಬಾಗಿಲ ಚೌಕಟ್ಟು ಹಿಡಿದು ನಿಂತು, ನಿಜಕ್ಕೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು.

"ಗೊತ್ತಿಲ್ಲ ಅಂದಿದ್ರೆ ನಾನು ಬ್ಯಾರೆ ಯಾರನ್ನಾದ್ರೂ ಕೇಳ್ಕಂತಿದ್ನಲ್ಲ ಬುದ್ಧಿ. ಪ್ಯಾಟೆ ತುಂಬ ಜನ ಇದ್ರು. ಯಾಕ್ ಅನ್ಲಿಲ್ಲ?"

ಒಳಗೆ ಬೆಲ್ಲ ಸೀದ ವಾಸನೆ ಬಂತು. ಅವಳು ಒಳಗೆ ಹೋಗಿ ಪಾತ್ರೆ ಇಳಿಸಿದಳು. ಮತ್ತೆ ಹೊರಗೆ ಬರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅರ್ಥದಯ್ಯ ಆಮೇಲೆ ಏನಾದ ಎಂದು ಅಡವೀಶ ಕೇಳಲಿಲ್ಲ. ಅವನು ತೊಡೆಯ ಮೇಲಿದ್ದ ನೋಟ್‌ಬುಕ್ಕನ್ನು ಮುಚ್ಚಿದ. ಬಿಸಿಲು ಮಠದ ಜಗಲಿಯಿಂದ ಕೆಳಗಿಳಿದಿತ್ತು. ಮಗುವನ್ನು ಹೊತ್ತ ಆ ಹೆಂಗಸು ನಿನ್ನೆ ಇಷ್ಟು ಹೊತ್ತಿಗೆ ಅದೇ ಜಗಲಿಯ ಮೆಟ್ಟಿಲಿಳಿದು ಹೋಗಿದ್ದಳು. ಯಾವ ಕಡೆಗೆ ಹೋದಳು ಎಂದು ಅವನು ನೋಡಿರಲಿಲ್ಲ.

ಗುರುಗಳು ಎದ್ದು ನಿಂತು, ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು ಮೆಲ್ಲಗೆ ಕೇಳಿದರು.

"ನಿನ್ನೆ ಚೀಟಿ ತಂದಿದ್ದವಳನ್ನು ಯಾವ ಊರು ಎಂದು ಕೇಳಿದೆಯಾ, ಅಡವೀಶ?"

ಅಡವೀಶ ನೋಟ್‌ಬುಕ್ಕನ್ನು ಅಲ್ಲಿಯೇ ಬಿಟ್ಟು, ದಾರಿಯಲ್ಲಿ ಸಿಕ್ಕವರನ್ನು ಕೇಳಲು ಮೆಟ್ಟಿಲಿಳಿದ.